ಹಲ್ಲಕ್ಕನ ಅಭಿಪ್ರಾಯ

ಅಕ್ಕ ಕುರ್ಚಿ ಹತ್ತಿ ನಿಂತು ತಂಗಿಯ ಕೋಣೆಯ ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ಕೀಳುತ್ತಿದ್ದಳು. ಹಳೆಯ ಟೇಪು, ಸುಲಭಕ್ಕೆ ಬರುತ್ತಿರಲಿಲ್ಲ. ಉಗುರು ಹಾಕಿ ಎಬ್ಬಿಸಿದರೆ ಸುಣ್ಣದ ಸಮೇತ ಕಿತ್ತು ಬರುತ್ತಿತ್ತು. ತಲೆಗೂದಲು ಬೆಂಕಿಯ ಹಾಗೆ ಮೇಲಕ್ಕೆದ್ದ ಹುಡುಗ, ಮುಖದಲ್ಲಿ ಅರ್ಧಕ್ಕರ್ಧ ಕಣ್ಣೇ ಇರುವ ಹುಡುಗಿ, ದೀಪಸ್ತಂಭದ ಮೆಟ್ಟಿಲ ಮೇಲೆ ಕೂತ ಬೆಕ್ಕು. ಒಂದೊಂದನ್ನೇ ಸುರುಳಿ ಸುತ್ತಿ ಮಂಚದ ಕೆಳಕ್ಕೆ ತಳ್ಳುತ್ತಿದ್ದಳು.

"ಅಮ್ಮಾ, ಏನು ಮಾಡ್ತಿದ್ದೀಯ?"

ಬಾಗಿಲಲ್ಲಿ ಮಗಳು ನಿಂತಿದ್ದಳು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು.

"ಜನ ಬರ್ತಾರೆ. ಬ್ಯಾಗು ಇಡೋಕೆ, ಮುಖ ತೊಳೆಯೋಕೆ ಈ ಕೋಣೆಗೇ ಬರ್ತಾರೆ. ನಿಮ್ಮತ್ತೆಯೂ ಬರ್ತಾರೆ."

"ಚಿಕ್ಕಮ್ಮನ್ನ ಇನ್ನೂ ಆಸ್ಪತ್ರೆಯಿಂದ ಮನೆಗೆ ತಂದಿಲ್ಲ. ಅಷ್ಟರಲ್ಲೇ ಶುರು ಮಾಡಿದೆಯಾ?"

"ಅರವತ್ತರ ಹತ್ತಿರ ಬಂದ ಹೆಂಗಸಿನ ಕೋಣೇಲಿ ಕಾರ್ಟೂನು ಅಂಟಿಸಿದ್ದರೆ ನೋಡಿದವರು ಏನಂದುಕೊಳ್ತಾರೆ?"

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

ಅಕ್ಕ ಕುರ್ಚಿಯಿಂದಿಳಿದು ಓಡಿದಳು. ಇಬ್ಬರು ಆಳುಗಳು ಸ್ಟ್ರೆಚರ್ ಇಳಿಸಿ ಹಾಲಿನಲ್ಲಿ ಹಾಸಿದ್ದ ಜಮಖಾನೆಯ ಮೇಲೆ ಮಲಗಿಸಿದರು. ಹಿಂದಿನ ದಿನ ಮಧ್ಯಾಹ್ನ ಲ್ಯಾಬಿನಲ್ಲಿ ಕೆಲಸದ ಮೇಜಿನ ಮೇಲೇ ತಲೆಯಿಟ್ಟಿದ್ದಳಂತೆ ತಂಗಿ. ನಿದ್ದೆ ಎಂದುಕೊಂಡು ಯಾರೂ ಎಬ್ಬಿಸಿರಲಿಲ್ಲ. ಅಕ್ಕ ಬಗ್ಗಿ ಅವಳ ತೋಳು ಹಿಡಿದುಕೊಂಡಳು. ಬೆರಳಿಗೆ ಅಂಟಿಕೊಂಡಿದ್ದ ಟೇಪಿನ ಚೂರೊಂದು, ಸುಣ್ಣದ ಹಕ್ಕಳೆಯ ಸಮೇತ, ತಂಗಿಯ ತೋಳಿಗೆ ಹತ್ತಿತು. ಕೀಳಲು ನೋಡಿದಳು. ತಣ್ಣಗಿನ ಚರ್ಮ ಟೇಪಿನ ಜೊತೆ ಎದ್ದು ಬಂದಂತಾಗಿ ಕೈ ಹಿಂದಕ್ಕೆಳೆದುಕೊಂಡಳು. ಯಾರಾದರೂ ನೋಡಿದರೇನೋ ಎಂದು ಹೊದಿಕೆ ಎಳೆದು ಮುಚ್ಚಿದಳು.

* * *

ತಂಗಿಗೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚಿನ ಮೇಲೆ ಮೇಣ ಕೂರಿಸಿ, ಅದರಲ್ಲಿ ಒಂದೊಂದೇ ಹಲ್ಲು ನೆಡುವುದು. ಲ್ಯಾಬಿನವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. ತನ್ನ ಗಂಡ ತೀರಿಕೊಂಡ ಮೇಲೆ ಅಕ್ಕನೇ ಅವಳನ್ನು ಜೊತೆಗೆ ಇರಿಸಿಕೊಂಡಿದ್ದಳು. ಅಥವಾ ಅವಳೇ ಅಕ್ಕನ ಜೊತೆಗೆ ಬಂದಿದ್ದಳು, ಅದು ಹೇಳುವವರನ್ನು ಅವಲಂಬಿಸಿದ ಮಾತು.

ಸಂಜೆ ಬಂದು, ಉಗುರ ಸಂದಿಯ ಗುಲಾಬಿ ಮೇಣ ತೊಳೆದುಕೊಂಡರೆ ಸರಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಟೀವಿ ಮುಂದೆ ಕೂರುತ್ತಿದ್ದಳು. ಜಪಾನಿನ ಕಾರ್ಟೂನು, ಅನಿಮೆ. ಅಕ್ಕನ ಮಗಳು ಸ್ಕೂಲಿಗೆ ಹೋಗುವಾಗ ಹಚ್ಚಿದ ಚಟ. ಮಗಳು ಬೆಳೆದು ಬಿಟ್ಟಳು, ಚಿಕ್ಕಮ್ಮ ಬಿಡಲಿಲ್ಲ. ಸುಮ್ಮನೆ ನೋಡಿಕೊಂಡಿದ್ದರೆ ಅಕ್ಕ ಹೇಗೋ ಸಹಿಸುತ್ತಿದ್ದಳೇನೋ. ತಂಗಿಗೆ ಅಭಿಪ್ರಾಯಗಳಿದ್ದವು, ಅವನ್ನು ಕೇಳಿದವರಿಗೂ ಕೇಳದವರಿಗೂ ಮುಲಾಜಿಲ್ಲದೆ ಹೇಳುತ್ತಿದ್ದಳು.

"ಈ ಕತ್ತಿ ಹುಡುಗನ ಸೀರೀಸ್ ಶುರುವಿನಲ್ಲಿ ಏನು ಚೆಂದ ಇತ್ತು ಅಂತೀಯ. ಈಗ ನೋಡು, ಎದುರಾಳಿ ಕತ್ತಿ ಎತ್ತಿದ್ದಾನೆ, ಎತ್ತಿಕೊಂಡೇ ಅವನ ಬಾಲ್ಯದ ಕಷ್ಟ ಪೂರ್ತಿ ಹೇಳ್ತಾನೆ. ಕೈ ನೋಯಲ್ವಾ ಅವನಿಗೆ? ಸೋಲೋ ಹೊತ್ತಿಗೆ ಸರಿಯಾಗಿ ನಮ್ಮ ಹುಡುಗನೊಳಗೆ ಯಾವುದೋ ಶಕ್ತಿ ಎದ್ದು ಕೂರುತ್ತೆ. ಇದು ಮೋಸ. ಕತೆ ಬರೆಯೋಕೆ ಬರದಿದ್ದರೆ ಶಕ್ತಿ ತರಿಸ್ತಾರೆ."

"ಸಣ್ಣಗೆ ಮಾತಾಡು, ಕಿಟಕಿ ತೆರೆದಿದೆ."

"ಹಲ್ಲು ನೋಡು ಅಕ್ಕಾ. ಬಾಯಿ ತೆರೆದರೆ ಒಂದೇ ಬಿಳಿ ಪಟ್ಟಿ. ಸೋಮಾರಿಗಳು. ಆದರೆ ಆ ದೀಪಸ್ತಂಭದ ಸೀರೀಸ್ ಇದೆಯಲ್ಲ, ಅದರಲ್ಲಿ ಹುಡುಗಿ ಅಳುವಾಗ ಮಾತ್ರ ಒಂದೊಂದು ಹಲ್ಲನ್ನೂ ಬಿಡಿಸಿ ಬರೆದಿದ್ದಾರೆ. ಅವಳು ಯಾರೂ ನೋಡದ ಹಾಗೆ ಅಳ್ತಾಳಲ್ಲ, ಅದಕ್ಕೆ. ಅಂಥದ್ದು ಬರೆದವರಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು. ಮಧ್ಯದಲ್ಲಿ ಆ ಹುಡುಗಿಗೆ ಕಾರಣವಿಲ್ಲದೆ ಗೇಣುದ್ದದ ಬಟ್ಟೆ ಹಾಕಿಸಿದ್ದಕ್ಕೆ ಅದೇ ಕಾಲಿಗೆ ಒಂದು ಏಟೂ ಹಾಕಬೇಕು."

ಅಕ್ಕ ಹೆಡ್‌ಮಿಸ್ ಆಗಿ ನಿವೃತ್ತಳಾದವಳು. ಬೀದಿಯಲ್ಲಿ ನಡೆದರೆ ದೊಡ್ಡ ದೊಡ್ಡವರು ಗಾಡಿ ನಿಲ್ಲಿಸಿ ಮಾತಾಡಿಸುತ್ತಿದ್ದರು. ಯಾರಾದರೂ ಒಳಗಿನ ಸದ್ದು ಕೇಳಿ ಏನದು ಎಂದರೆ "ವಾರ್ತೆ" ಎನ್ನುತ್ತಿದ್ದಳು.

ಮಗಳ ಮದುವೆಯ ಮಾತಿಗೆ ಹುಡುಗನ ತಾಯಿ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಬಾಗಿಲು ತೆರೆದೇ ಇತ್ತು. ಹಾಲಿನಲ್ಲಿ ತಂಗಿ ದೀಪಸ್ತಂಭದ ಕೊನೆಯ ಕಂತು ನೋಡುತ್ತ, ಕಣ್ಣು ಮೂಗಲ್ಲೆಲ್ಲ ನೀರು ಸುರಿಸುತ್ತ, "ಆರಿಸಬೇಡ ಕಣೇ, ದೀಪ ಆರಿಸಬೇಡ!" ಎಂದು ಟೀವಿಗೆ ಕೂಗಿ ಹೇಳುತ್ತಿದ್ದಳು. ಬಂದವರು ಹೊಸ್ತಿಲಲ್ಲೇ ನಿಂತರು. ಅಕ್ಕ ಟೀವಿ ಆರಿಸಿದಳು. ತಂಗಿ ಎದ್ದು ಮುಖ ತೊಳೆಯಲು ಒಳಗೆ ಹೋದಳು.

"ಇವರು...?" ಎಂದರು ಹುಡುಗನ ತಾಯಿ.

"ನನ್ನ ತಂಗಿ." ಅಕ್ಕನ ಕಿವಿಯವರೆಗೆ ಬಿಸಿಯಾಗಿತ್ತು. ಆಮೇಲಿನದು ತಾನಾಗಿ ಬಂತು. "ಪಾಪ, ಬುದ್ಧಿ ಅಷ್ಟು ಬೆಳೆದಿಲ್ಲ. ಚಿಕ್ಕಂದಿನಿಂದ ಹಾಗೇ. ಹೊತ್ತು ಹೋಗಲಿ ಅಂತ ಒಂದು ಕಡೆ ಸಣ್ಣಪುಟ್ಟ ಕೆಲಸಕ್ಕೆ ಕಳಿಸ್ತೀನಿ."

ಬಚ್ಚಲಲ್ಲಿ ನಲ್ಲಿ ಸುರಿಯುತ್ತಿತ್ತು, ಕೇಳಿಸಿರಲಿಕ್ಕಿಲ್ಲ ಎಂದು ಅಕ್ಕ ಅಂದುಕೊಂಡಳು. ತಂಗಿ ಯಾವತ್ತೂ ಆ ಮಾತೆತ್ತಲಿಲ್ಲ. ಮದುವೆಯಾಯಿತು, ಹುಡುಗನ ತಾಯಿ ಬೀಗಿತ್ತಿಯಾದರು. ಅವರು ಮನೆಗೆ ಬಂದಾಗಲೆಲ್ಲ ತಂಗಿ ಮೂಲೆಯ ಸ್ಟೂಲಿನ ಮೇಲೆ ಮಾತಿಲ್ಲದೆ, ಸಣ್ಣಗೆ ನಗುತ್ತ ಕೂರುತ್ತಿದ್ದಳು. ಅಭಿಪ್ರಾಯವಿಲ್ಲ, ವಾದವಿಲ್ಲ. ಅಬ್ಬ, ಕೊನೆಗೂ ನಾಲ್ಕು ಜನರೆದುರು ಹೇಗಿರಬೇಕೆಂದು ಕಲಿತಳು ಎಂದು ಅಕ್ಕ ಉಸಿರುಬಿಟ್ಟಿದ್ದಳು.

* * *

ಚಿತಾಗಾರದ ಪಕ್ಕದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೈಕು. ಒಳಗಿನವರು ಕರೆಯುವ ತನಕ ಯಾರಾದರೂ ಎರಡು ಮಾತಾಡಬಹುದು ಎಂದು ಅಲ್ಲಿಯ ನೌಕರ ಹೇಳಿ ಹೋದ. ಅಕ್ಕ ತನ್ನಿಂದಾಗದೆಂದು ಕೈಯಾಡಿಸಿದಳು. ಬೀಗಿತ್ತಿಯೇ ಎದ್ದರು. ಒಳ್ಳೆಯ ಹೆಂಗಸು, ಸಾವಿನ ಮನೆಗೆ ಬೆಳಿಗ್ಗೆಯೇ ಬಂದು, ಫ್ಲಾಸ್ಕಿನಲ್ಲಿ ಕಾಫಿ ತಂದು, ಅಕ್ಕನಿಗೆ ಬಲವಂತ ಮಾಡಿ ಕುಡಿಸಿದ್ದರು.

"ಈ ಜೀವಕ್ಕೆ ದೇವರು ಬುದ್ಧಿ ಕಡಿಮೆ ಕೊಟ್ಟ," ಎಂದರು ಬೀಗಿತ್ತಿ. "ಆದರೆ ಅದಕ್ಕೆ ಬದಲಾಗಿ ಇಂಥ ಅಕ್ಕನನ್ನು ಕೊಟ್ಟ. ಬೇರೆಯವರಾಗಿದ್ದರೆ ಎಲ್ಲಾದರೂ ಸೇರಿಸಿಬಿಡ್ತಿದ್ದರು. ಇವರು ಮಗುವಿನ ಹಾಗೆ ನೋಡಿಕೊಂಡರು."

ಹಿಂದಿನ ಸಾಲಿನಲ್ಲಿ ಒಬ್ಬರು ಗಟ್ಟಿಯಾಗಿ ನಕ್ಕುಬಿಟ್ಟರು. ಎಲ್ಲರೂ ತಿರುಗಿದರು. ಲ್ಯಾಬಿನವರು ಒಟ್ಟಿಗೆ ಕೂತಿದ್ದ ಸಾಲು ಅದು. ನಕ್ಕವನು ಹಲ್ಲಿನ ಸೆಟ್ಟು ಉಜ್ಜಿ ಹೊಳಪು ಕೊಡುವ ಕೆಲಸದ ದಪ್ಪ ಮನುಷ್ಯ, ಪಾಲಿಶಣ್ಣ. ಬೀಗಿತ್ತಿ ತಮಾಷೆ ಮಾಡಿದರೆಂದೇ ತಿಳಿದು ಅವನು ಕಣ್ಣೊರೆಸಿಕೊಳ್ಳುತ್ತ ಮೈಕಿನ ಹತ್ತಿರ ಬಂದ.

"ಅಮ್ಮಾವ್ರು ಚೆನ್ನಾಗಿ ಹೇಳಿದ್ರು. ಹಲ್ಲಕ್ಕ ಇದ್ದಿದ್ದರೆ ಅವರೂ ನಗ್ತಿದ್ದರು. ಬುದ್ಧಿ ಕಡಿಮೆ ಅಂತ ಅವರು ದಿನಾ ಬೈತಿದ್ದಿದ್ದು ನನಗೆ. ನಾನೂ ಅವರು ನೋಡೋ ಅನಿಮೆ ನೋಡೋಕೆ ಶುರು ಮಾಡಿದ್ದೆ, ಬರೀ ಅವರ ಹತ್ತಿರ ಜಗಳ ಆಡೋಕೆ. ರೋಬೋಟುಗಳ ಸೀರೀಸ್ ಒಂದು ನನಗೆ ಜೀವ. 'ಇದರಲ್ಲಿ ಕಬ್ಬಿಣ ಚೆನ್ನಾಗಿದೆ, ಮನುಷ್ಯರು ತಗಡು' ಅಂದುಬಿಟ್ಟರು! ನಾನು ವಾರ ಮಾತು ಬಿಟ್ಟೆ. ಆಮೇಲೆ ಇನ್ನೊಂದು ಸಲ ನೋಡಿದರೆ... ಹೌದು, ತಗಡೇ." ಲ್ಯಾಬಿನ ಸಾಲು ನಕ್ಕಿತು, ಅಳುತ್ತಲೇ. "ನಮ್ಮ ಕೆಲಸಕ್ಕೂ ಹಾಗೇ. ಚೆನ್ನಾಗಿದ್ದರೆ ಚೆನ್ನಾಗಿದೆ, ಕೆಟ್ಟಿದ್ದರೆ ಕೆಟ್ಟಿದೆ. ಮನಸ್ಸಿಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದ್ದು ನಾನು ಕಾಣೆ."

ಬೀಗಿತ್ತಿ ನಿಂತಲ್ಲೇ ನಿಂತಿದ್ದರು. ಮೊದಲು ಪಾಲಿಶಣ್ಣನನ್ನು ನೋಡಿದರು, ಆಮೇಲೆ ಲ್ಯಾಬಿನ ಸಾಲನ್ನು, ಕೊನೆಗೆ ನಿಧಾನವಾಗಿ ಅಕ್ಕನನ್ನು. ಅಕ್ಕ ತಲೆ ತಗ್ಗಿಸಿದಳು. ನೆಲದ ಟೈಲ್ಸಿನ ಸಂದಿಯಲ್ಲಿ ಯಾರದೋ ಹಾರದಿಂದ ಬಿದ್ದ ಹೂವು ಕಾಲಿಗೆ ಸಿಕ್ಕಿ ಅಂಟಿತ್ತು.

ಒಳಗಿನಿಂದ ಕರೆ ಬಂತು.

ಎಲ್ಲ ಮುಗಿದ ಮೇಲೆ ಜನ ಹೊರಗೆ ಮರದ ನೆರಳಲ್ಲಿ ಗುಂಪುಗುಂಪಾಗಿ ನಿಂತರು. ಪಾಲಿಶಣ್ಣ ಹಿಂಜರಿಯುತ್ತ ಅಕ್ಕನ ಹತ್ತಿರ ಬಂದ. ಮಗಳೂ ಪಕ್ಕದಲ್ಲಿದ್ದಳು.

"ಮೇಡಂ, ನಕ್ಕಿದ್ದು ತಪ್ಪಾಯ್ತು. ಆಮೇಲೆ ಹೊಳೀತು ನನಗೆ. ಅವರೇನಾ ಆ ಬೀಗರು? ನಟನೆ ಡ್ಯೂಟಿಯವರು?"

"ಯಾವ ನಟನೆ?"

ಅವನು ಮಗಳ ಮುಖ ನೋಡಿದ. ಮಗಳು ಬೇಡವೆಂಬಂತೆ ತಲೆಯಾಡಿಸಿದಳು. ಆದರೆ ಅಕ್ಕ ಅವನ ತೋಳು ಹಿಡಿದುಕೊಂಡಿದ್ದಳು.

"ಹೇಳಪ್ಪ."

"ಏನಿಲ್ಲ ಮೇಡಂ... ಹಲ್ಲಕ್ಕ ಕೆಲವು ದಿನ ಬೇಗ ಹೊರಡೋರು. 'ಇವತ್ತು ಅಕ್ಕನ ಬೀಗರು ಬರ್ತಾರೆ, ಪೆದ್ದಿ ಪಾತ್ರಕ್ಕೆ ಹೋಗಬೇಕು' ಅನ್ನೋರು. ನಾವು ಏನೋ ಮನೆಯೊಳಗಿನ ತಮಾಷೆ ಅಂದುಕೊಂಡಿದ್ದೆವು. ಹೇಗಿದೆ ನಿಮ್ಮ ಸೀರೀಸು ಅಂತ ಕೇಳ್ತಿದ್ದೆ."

"ಏನಂದಳು?"

"ಬೇಡ ಬಿಡಿ."

"ಏನಂದಳು ಅಂತ ಕೇಳಿದೆ." ಹೆಡ್‌ಮಿಸ್ಸಿನ ದನಿ ಬಂದುಬಿಟ್ಟಿತು.

"'ಕತೆ ಸಪ್ಪೆ' ಅಂದರು. 'ಮೊದಲನೇ ಕಂತಿನಲ್ಲೇ ಒಂದು ಸುಳ್ಳು ಹಾಕಿಬಿಟ್ಟಿದ್ದಾರೆ, ಬಿಡಿಸೋಕೆ ಬರ್ತಿಲ್ಲ, ಸುಮ್ಮನೆ ಎಳೀತಿದ್ದಾರೆ. ಪೆದ್ದಿಗಂತೂ ಮಾತೇ ಕೊಟ್ಟಿಲ್ಲ.' ಮತ್ಯಾಕೆ ಮಾಡ್ತೀರಿ ಅಂದರೆ, 'ಆ ಅಕ್ಕನ ಪಾತ್ರ ಇದೆಯಲ್ಲ, ಅವಳು ಹೆದರಿಕೊಂಡಿದ್ದಾಳೆ. ಹೆದರಿಕೆ ನಿಜವಾಗಿದೆ. ಅದಕ್ಕೇ ಬಿಡೋಕಾಗ್ತಿಲ್ಲ' ಅಂದರು."

ಪಾಲಿಶಣ್ಣ ಕೈ ಮುಗಿದು ಹೊರಟುಹೋದ. ಅಕ್ಕ ಮಗಳ ಕಡೆ ತಿರುಗಿದಳು.

"ನಿನಗೆ ಗೊತ್ತಿತ್ತು."

"ಮದುವೆಯಾದ ಹೊಸದರಲ್ಲಿ ಅತ್ತೆ ಬಾಯಲ್ಲಿ ಕೇಳಿದೆ. ಅವತ್ತೇ ನಿಜ ಹೇಳ್ತೀನಿ ಅಂತ ಚಿಕ್ಕಮ್ಮನ ಹತ್ತಿರ ಬಂದೆ. ತಲೆ ಮೇಲೆ ಕೈ ಇಡಿಸಿಕೊಂಡು ಆಣೆ ಮಾಡಿಸಿದಳು. ನಿಮ್ಮಮ್ಮನಿಗೆ ಹೊರಗೆ ತಲೆ ಎತ್ತಿ ನಡೆಯೋದು ಒಂದೇ ಗೊತ್ತಿರೋದು, ಅದನ್ನೂ ಕಿತ್ತುಕೊಳ್ಳಬೇಡ ಅಂದಳು."

ಅಕ್ಕ ಹಾಲಿನ ಮೆಟ್ಟಿಲ ಮೇಲೆ ಕೂತಳು. ಸ್ಟೂಲಿನ ಮೇಲೆ ಸಣ್ಣಗೆ ನಗುತ್ತ ಕೂತ ತಂಗಿ ಕಣ್ಣೆದುರು ಬಂದಳು. ಇಷ್ಟು ವರ್ಷ ಆ ನಗೆಯನ್ನು ನೋಡಿ ತಾನು ನೆಮ್ಮದಿಪಟ್ಟಿದ್ದಳು. ಮಗಳು ಪಕ್ಕದಲ್ಲಿ ಕೂರಲಿಲ್ಲ. ಕಾರು ತರಿಸುತ್ತೇನೆಂದು ಗೇಟಿನ ಕಡೆ ನಡೆದಳು.

ಬೀಗಿತ್ತಿ ಬಂದು ಎದುರಿಗೆ ನಿಂತರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ತಂಗಿ... ಬುದ್ಧಿ ಸರಿಯಾಗಿತ್ತಾ ಅವರಿಗೆ?"

ಕೆಲವು ಸಲ ಸರಿಯಾಗಿರುತ್ತಿತ್ತು, ಕೆಲವು ಸಲ ಇಲ್ಲ ಎಂದರೆ ಈಗಲೂ ನಡೆದುಹೋಗುತ್ತಿತ್ತು. ಮಾತು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಸತ್ತವಳು ಬಂದು ಅಲ್ಲವೆನ್ನುವುದಿಲ್ಲ. ಅಷ್ಟು ಸಲೀಸಾಗಿ ಅದು ಬಂದದ್ದಕ್ಕೇ ಅಕ್ಕನ ಮುಖ ಉರಿಯಿತು.

"ಸರಿಯಾಗಿತ್ತು," ಎಂದಳು. "ನಮ್ಮೆಲ್ಲರಿಗಿಂತ. ಅವತ್ತು ನೀವು ಬಂದಾಗ ಟೀವಿ ನೋಡ್ತಾ ಅಳ್ತಿದ್ದಳಲ್ಲ, ನನಗೆ ನಾಚಿಕೆಯಾಯ್ತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಆಮೇಲೆ ತಿದ್ದಲಿಲ್ಲ."

ಬೀಗಿತ್ತಿ ಬೈಯುತ್ತಾರೆಂದು ಅಕ್ಕ ಕಾದಳು, ಬೈದಿದ್ದರೆ ಹಗುರಾಗುತ್ತಿತ್ತು.

"ಮೊಮ್ಮಗನ ಹುಟ್ಟುಹಬ್ಬದ ದಿನ," ಎಂದರು ಕೊನೆಗೆ, "ಅವರ ತುಟಿ ಹತ್ತಿರ ಕೇಕಿನ ಕ್ರೀಮು ಅಂಟಿತ್ತು. ಎಲ್ಲರೂ ಇದ್ದರು. ನಾನು ಹೋಗಿ... ಈ ಕೈಯಿಂದ ಅವರ ಬಾಯಿ ಒರೆಸಿದೆ. 'ಜಾಣಮರಿ, ಮೆಲ್ಲಗೆ ತಿನ್ನು' ಅಂದೆ. ಅವರು ಒಂದು ಗಳಿಗೆ ನನ್ನ ಕಣ್ಣನ್ನೇ ನೋಡಿದರು. ಆಮೇಲೆ ಒರೆಸೋಕೆ ಸರಿಯಾಗಲಿ ಅಂತ ಮುಖ ಸ್ವಲ್ಪ ಎತ್ತಿ ಕೊಟ್ಟರು."

"ನಾನೂ ಅಲ್ಲೇ ಇದ್ದೆ," ಎಂದಳು ಅಕ್ಕ.

"ಹೌದು. ನೀವೂ ಇದ್ದಿರಿ."

ಗೇಟಿನ ಹತ್ತಿರ ಕಾರು ಬಂತು. ಮಗಳು ಹಿಂದಿನ ಬಾಗಿಲು ತೆರೆದು ಹಿಡಿದಳು. ಬೀಗಿತ್ತಿ ಅಕ್ಕನಿಗೆ ಹೋಗಿ ಬರುತ್ತೇನೆ ಎನ್ನಲಿಲ್ಲ. ನಡೆದು ಹೋಗಿ ಒಳಗೆ ಕೂತರು. ಸೆರಗು ಬಾಗಿಲ ಸಂದಿಗೆ ಸಿಕ್ಕಿತು. ಎಳೆದುಕೊಳ್ಳಲು ಎಡಗೈಯನ್ನೇ ಅಡ್ಡ ತಂದು ಪರದಾಡಿದರು. ಬಲಗೈ ಮಂಡಿಯ ಮೇಲೆ ಅಂಗಾತ ಬಿದ್ದಿತ್ತು, ಬೆರಳುಗಳು ಒಂದಕ್ಕೊಂದು ತಾಗದ ಹಾಗೆ ಅಗಲಿಸಿಕೊಂಡು, ಇನ್ನೂ ಏನೋ ಅಂಟಿರುವ ಕೈಯ ಹಾಗೆ. ಕಾರು ತಿರುವು ದಾಟುವವರೆಗೂ ಅವರು ಆ ಬೆರಳುಗಳನ್ನು ಎಲ್ಲಿಗೂ ತಾಗಿಸಲಿಲ್ಲ.