ಮಸಾಣದ ಕಳ್ಳಿ

“ಲೇ ಭರಮಿ, ಕಣ್ಣ ಮುಕಳ್ಯಾಗ ಅದಾವೇನ ನಿನಗ? ಆ ಹುಲ್ಲು ನನ್ನ ಮನಿ ಅಂಗಳಕ್ಕ ಹೋಗೂದೈತಿ. ನಿನ್ನ ಹೊಲಸ ಕಾಲ ತಗಿ, ರಂಡೆ!”

ಗುತ್ತಿಗೆದಾರ ರುದ್ರಮುನಿ ಸಾವಕಾರ ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಒದರುತ್ತಿದ್ದ. ಭರಮವ್ವ ಕಾಲು ಸರಿಸಿದಳು. ಹಾವೇರಿಯ ಆ ದೊಡ್ಡ ಸರಕಾರಿ ಕಚೇರಿಯ ಮುಂದಿನ ಹುಲ್ಲುಹಾಸಿಗೆ ಮೂರು ವರ್ಷದಿಂದ ನೀರು ಹಾಯಿಸಿದವಳು ಅವಳೇ. ಕೇರಿಯ ನಲ್ಲಿ ಬಿಕ್ಕಳಿಸಿ ನಿಂತುಹೋದ ಬೇಸಗೆಯಲ್ಲೂ ಇಲ್ಲಿಗೆ ಟ್ಯಾಂಕರ್ ತಪ್ಪುತ್ತಿರಲಿಲ್ಲ. ದನ ತಿನ್ನದ, ಮನುಷ್ಯರು ತುಳಿಯದ ಈ ಹುಲ್ಲು ಯಾವ ಸೌಭಾಗ್ಯಕ್ಕೆ ಎಂದು ಪೈಪು ಹಿಡಿದು ನಿಂತಾಗಲೆಲ್ಲ ಮನಸಾರೆ ಶಪಿಸಿದ್ದಳು. ಈಗ ಅದನ್ನು ಚಾಪೆಯ ಹಾಗೆ ಸುತ್ತಿ ಸಾವಕಾರನ ಟ್ರ್ಯಾಕ್ಟರಿಗೆ ಏರಿಸುವುದೂ ಅವಳ ಪಾಲಿಗೇ ಬಂದಿತ್ತು.

ಎರಡು ಸಾವಿರದ ಮೂರನೆಯ ಇಸವಿ. ಮಳೆ ಕೈಕೊಟ್ಟು ಮೂರನೆಯ ವರ್ಷವಾಗಿತ್ತು. ಬೆಂಗಳೂರಿನಿಂದ ಬಂದ ಹೊಸ ಸಾಹೇಬರಿಗೆ ಮಾತ್ರ ಬರ ಈಗಷ್ಟೇ ಕಣ್ಣಿಗೆ ಬಿದ್ದಿತ್ತು. ಹುಲ್ಲು ಕಿತ್ತು ಬೇರೆ ಗಿಡ ನೆಡಿಸಲು ಹುಕುಂ ಹೊರಡಿಸಿದ್ದರು.

“ನೋಡ್ರಮ್ಮ, ನೀರೇ ಇಲ್ಲದೆ ಬದುಕುವ ಗಿಡಗಳಿವೆ. ನಾವೆಲ್ಲ ಅವುಗಳಿಂದ ಕಲಿಯಬೇಕು” ಎಂದು ಕೂಲಿ ಹೆಂಗಸರನ್ನು ನಿಲ್ಲಿಸಿಕೊಂಡು ಭಾಷಣ ಬಿಗಿದರು. ನೀರಿಲ್ಲದೆ ಬದುಕುವುದನ್ನು ಕೇರಿಯವರಿಗೆ ಕಲಿಸಲು ಬಂದ ಪುಣ್ಯಾತ್ಮ! ಭರಮವ್ವ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆ ನಗು ಮರುದಿನವೇ ಇಳಿಯಿತು. ಗಿಡ ತರಲೆಂದು ಸಾವಕಾರ ಹೆಂಗಸರನ್ನು ಟ್ರೇಲರಿಗೆ ತುಂಬಿಕೊಂಡು ಹೊರಟ. ಟ್ರ್ಯಾಕ್ಟರು ನಿಂತದ್ದು ಊರಂಚಿನಲ್ಲಿ, ಅವರದೇ ಕೇರಿಯ ಮಸಾಣದ ಮುಂದೆ. ಸುತ್ತಲೂ ಆಳೆತ್ತರದ ಡಬ್ಬುಗಳ್ಳಿ, ನಡುನಡುವೆ ಕತ್ತಾಳೆ. ನಾಯಿ, ಹಂದಿ ನುಗ್ಗದಿರಲೆಂದು ಕೇರಿಯ ಹಿರಿಯರು ಹಚ್ಚಿದ ಬೇಲಿ ಅದು. ಮೂಲೆಯ ಕಳ್ಳಿಯನ್ನು ಭರಮವ್ವನ ಅತ್ತೆ ಹೊಳಿಯವ್ವ ತನ್ನ ಕೈಯಾರೆ ಊರಿದ್ದಳು. ಅದರ ಬುಡದಲ್ಲಿ ಅವಳ ಮಗ, ಭರಮವ್ವನ ಗಂಡ ಹೇಮಪ್ಪ ಮಲಗಿದ್ದ. ಬೇಲಿಯಾಚೆಗೆ ಸಾವಕಾರನ ಮೆಣಸಿನಕಾಯಿ ಹೊಲ. ಪ್ರತಿ ವರ್ಷ ಅವನ ನೇಗಿಲು ಬೇಲಿಯ ತನಕ ಬಂದು, ಮುಳ್ಳು ನೋಡಿ ಹಿಂದಿರುಗುತ್ತಿತ್ತು.

“ಯಪ್ಪಾ, ಇದನ್ನ ಕಿತ್ತರ ನಾಯಿ ಬಂದು ನಮ್ಮ ಹೆಣಾ ಎಳದಾಡ್ತಾವ್ರೀ” ಎಂದಳು ಭರಮವ್ವ.

“ಕಳ್ಳೀನ ನಿಮ್ಮಪ್ಪ ಹಡದಾನೇನ? ಸರಕಾರದ ಕೆಲಸೈತಿ ಇದು. ಮುಳ್ಳತಂತಿ ತರಿಸೇನಿ, ಸಂಜಿಕ್ಕ ಬಿಗಸ್ತೇನಿ. ಹಾರಿ ಹಿಡಿ, ಇಲ್ಲಾ ನಾಳಿಂದ ಕೆಲಸಕ್ಕ ಬರಬ್ಯಾಡ.”

ತಂತಿಯ ಮಾತು ನಂಬಿ ಅವಳು ಹಾರೆ ಹಿಡಿದಳು. ಗಂಡನ ತಲೆಯ ಮೇಲಿನ ಕಳ್ಳಿ ಕೀಳುವಾಗ ಅಂಗೈ ತುಂಬ ಮುಳ್ಳು ನೆಟ್ಟವು. ಅವತ್ತು ಅವಳಿಗೆ ತನ್ನ ಕೈಗಳ ಮೇಲೆಯೇ ಅಸಹ್ಯ ಹುಟ್ಟಿತು.

ಕಚೇರಿಯ ಮುಂದೆ ಮೇಡ್ಲೇರಿಯ ಹೊಳೆದಂಡೆಯಿಂದ ತರಿಸಿದ ಬಿಳಿ ಗುಂಡುಕಲ್ಲು ಹರಡಿ, ನಡುವೆ ಕಳ್ಳಿ ನೆಟ್ಟರು. ‘ಬರಕ್ಕೆ ಬಗ್ಗದ ಉದ್ಯಾನ’ ಎಂಬ ಬೋರ್ಡು ಎದ್ದಿತು. ಐನೋರು ಬಂದು ಕಳ್ಳಿಗೆ ಅರಿಶಿನ ಕುಂಕುಮ ಏರಿಸಿ, ಕರ್ಪೂರ ಬೆಳಗಿ, ಕೈಮುಗಿದರು. ಅದು ಯಾರ ಎಲುಬು ತಿಂದು ಬೆಳೆದದ್ದೆಂದು ಅವರಿಗೆ ಯಾರೂ ಹೇಳಲಿಲ್ಲ. ಸಾಹೇಬರ ಹೆಂಡತಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ತಂತಿ ಬರಲೇ ಇಲ್ಲ. ಬಂದದ್ದು ಸಾವಕಾರನ ನೇಗಿಲು. ತಡೆಯಲು ಮುಳ್ಳಿರಲಿಲ್ಲವಲ್ಲ, ಮಸಾಣದ ಈ ತುದಿಯಿಂದ ಆ ತುದಿಯವರೆಗೆ ಉತ್ತು, ಬೋರಿನ ನೀರು ಬಿಟ್ಟು ಮೆಣಸಿನ ಸಸಿ ಹಚ್ಚಿಸಿದ. ಭರಮವ್ವ ಸಾಹೇಬರ ಬಾಗಿಲಿಗೆ ಹೋಗಿ ನಿಂತಳು.

“ಆ ಜಾಗ ಸ್ಮಶಾನ ಅಂತ ಎಲ್ಲೂ ದಾಖಲಾಗಿಲ್ಲವಲ್ಲಮ್ಮ. ಗಡಿ ಗುರುತಾದರೂ ಬೇಕು. ಬೇಲಿ ಎಲ್ಲಿದೆ, ತೋರಿಸು.”

“ನಿಮ್ಮ ಕಿಡಕ್ಯಾಗ ಹಣಿಕಿ ನೋಡ್ರಿ, ಸಾಹೇಬ್ರ.”

ಸಾಹೇಬರು ನೋಡಿದರು. ತಮ್ಮ ಉದ್ಯಾನ ಕಂಡು ಮುಖ ಅರಳಿತು. ಮತ್ತೆ ಫೈಲಿಗೆ ಮರಳಿದರು.

ಹೊಳಿಯವ್ವ ಸತ್ತದ್ದು ಒಂದು ಸೋಮವಾರ ಮುಂಜಾನೆ. ಮಗನ ಮಗ್ಗುಲಲ್ಲೇ ತನ್ನನ್ನು ಇಡಬೇಕೆಂದು ಸೊಸೆಯಿಂದ ಮಾತು ತೆಗೆದುಕೊಂಡು ಕಣ್ಣು ಮುಚ್ಚಿದ್ದಳು. ಕೇರಿಯವರು ಹಲಗೆ ಬಾರಿಸುತ್ತ ಚಟ್ಟ ಹೊತ್ತು ಬಂದರೆ ಸಾವಕಾರ ಆಳುಗಳೊಂದಿಗೆ ಬಡಿಗೆ ಹಿಡಿದು ಹೊಲದ ಅಂಚಿಗೆ ನಿಂತಿದ್ದ.

“ಸಸಿ ಹಚ್ಚೇನ್ರಲೇ! ಹೆಣಾ ಒಳಗ ತಂದ್ರ ಅದರ ಜೋಡಿ ನಿಮ್ಮನ್ನೂ ಹುಗಿತೇನಿ, ಸೂಳಿಮಕ್ಕಳ್ರಾ!”

ಗಂಡಸರು ತಲೆ ಕೆಳಗೆ ಹಾಕಿದರು. ಹಲಗೆ ನಿಂತಿತು. ಭರಮವ್ವನಿಗೆ ಸಾವಕಾರನಿಗಿಂತ ಆ ಬಗ್ಗಿದ ತಲೆಗಳ ಮೇಲೆ ಹೆಚ್ಚು ಸಿಟ್ಟು ಬಂತು.

“ಚಟ್ಟ ಹೊಳ್ಳಸ್ರಿ” ಎಂದಳು.

“ಎಲ್ಲಿಗೆ ಬೇ?” ಎಂದ ಹಲಗೆಯವನು.

“ಬೇಲಿ ಎಲ್ಲೈತಿ, ಅಲ್ಲಿಗೆ. ಬಾರಿಸು ನೀ.”

ಹಲಗೆ ಪೇಟೆಯುದ್ದಕ್ಕೂ ಮೊಳಗಿತು. ಅಂಗಡಿಕಾರರು ಎದ್ದು ನಿಂತರು. ಕಚೇರಿಯ ಜವಾನ ಗೇಟಿಗೆ ಓಡಿಬರುವಷ್ಟರಲ್ಲಿ ಹೆಣ ಬಿಳಿ ಗುಂಡುಕಲ್ಲಿನ ಮೇಲೆ ಇಳಿದಾಗಿತ್ತು. ಸಾಹೇಬರು ಮೆಟ್ಟಿಲಿಳಿದು ಬಂದರು.

“ಏನಮ್ಮ ಇದು? ಇದು ಸರ್ಕಾರಿ ಕಚೇರಿ!”

“ಗಡಿ ಗುರ್ತು ಕೇಳಿದ್ರೆಲ್ರಿ ಸಾಹೇಬ್ರ. ಇಲ್ಲೇ ಐತಿ. ಮೂಲ್ಯಾಗಿನ ಆ ಕಳ್ಳಿ ಸತ್ತಾಕಿ ತನ್ನ ಕೈಲೆ ಹಚ್ಚಿದ್ದು. ಆಕೀನ ಅದರ ಬುಡಕ್ಕ ಇಡ್ತೇನಿ.”

“ಪೊಲೀಸರನ್ನು ಕರೀತೀನಿ!”

“ಕರೀರಿ. ಬರೂಮುಂದ ಒಂದ ಸಲಿಕಿ ತರಾಕ ಹೇಳ್ರಿ.”

ಭರಮವ್ವ ಸೆರಗನ್ನು ಸೊಂಟಕ್ಕೆ ಬಿಗಿದಳು. ಕಾಲಿನಿಂದ ಗುಂಡುಕಲ್ಲು ಸರಿಸಿ, ಕುಣಿ ತೋಡಲು ತಂದಿದ್ದ ಹಾರೆ ಎತ್ತಿದಳು. ಸುತ್ತಿನ ನೆಲವೆಲ್ಲ ಬಿಸಿಲಿಗೆ ಬಂಡೆಗಟ್ಟಿತ್ತು. ಇದು ಮಾತ್ರ ಮೂರು ವರ್ಷ ಅವಳೇ ನೀರುಣಿಸಿದ ಮಣ್ಣು. ಮೊದಲ ಏಟಿಗೇ ಹಾರೆ ಮೊಳದಷ್ಟು ಇಳಿಯಿತು.