ತಂತಿಗೆ ಹಾಕಿದ ಅರ್ತ್

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ ಶಾಕಿರನ ಮೋಟಾರು ವೈಂಡಿಂಗ್ ಅಂಗಡಿ. ಆ ವರ್ಷ ಮಾರ್ಚ್ ಮುಗಿಯುತ್ತ ಬಂದರೂ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿರಲಿಲ್ಲ. ತೋಟಗಳಲ್ಲಿ ಬಿಡುವಿಲ್ಲದೆ ಸ್ಪ್ರಿಂಕ್ಲರ್ ಓಡಿಸಿ ಸುಟ್ಟುಕೊಂಡ ಪಂಪುಗಳು ಅಂಗಡಿ ತುಂಬ ಬಿದ್ದಿದ್ದವು. ಭಾನುವಾರ ಸಂಜೆ ನಾಲ್ಕಕ್ಕೆ ಬೆಳೆಗಾರರ ಕ್ಲಬ್ಬಿನ ವಾಚ್‌ಮನ್ ಚಿಕ್ಕಯ್ಯ ಬಂದು ನಿಂತ.

"ಫ್ಯೂಸ್ ವೈರ್ ಒಂದ್ ಮೊಳ ಕೊಡು ಮಾರಾಯ. ಇವತ್ತು ನಿನ್ ಗಿಟಾರಿನ ಕಚೇರಿ ಉಂಟಲ್ಲ, ಒಂದು ಎಕ್ಸ್‌ಟ್ರಾ ಇರ್ಲಿ ಅಂತ."

ನಿನ್ನ ಗಿಟಾರು ಅಂದರೆ ಚನ್ನಕೇಶವ ಗೌಡರ ಮಗಳು ನಿಶ್ಮಿತಾಳದು. "ಇದು ಪಂಪಲ್ಲ ಕಣೋ. ಹಾಳಾದ್ರೆ ಚರ್ಮ ಸುಲೀತೀನಿ" ಅನ್ನುತ್ತಲೇ ಗೌಡರು ಅದನ್ನು ರಿಪೇರಿಗೆ ಬೆಂಚಿನ ಮೇಲಿಟ್ಟು ಹೋಗಿದ್ದರು. ತಂತಿಗಳ ಕೆಳಗೆ ಮೂರು ಪಿಕಪ್. ಅಯಸ್ಕಾಂತಕ್ಕೆ ಕೂದಲಿಗಿಂತ ಸಣ್ಣ ತಾಮ್ರ ಸುತ್ತಿದ ಕಾಯಿಲ್‌ಗಳು. ತಂತಿಯ ನಡುಕ ಹಿಡಿದು ಆಂಪ್ಲಿಫೈಯರಿಗೆ ಕಳಿಸುವುದೇ ಅವುಗಳ ಕೆಲಸ. ಶಾಕಿರ್ ಮೂರನ್ನೂ ಕಿತ್ತು ಹೊಸವನ್ನು ಕೂರಿಸಿದ್ದ. ಮೊದಲ ಸಲ ನಡುವಿನದು ಉಳಿದವಕ್ಕೆ ಉಲ್ಟಾ ಬಿದ್ದು ಸೊಳ್ಳೆಯ ಹಾಗೆ ಕುಂಯ್‌ಗುಟ್ಟಿತು. ಅದರ ಎರಡು ವೈರು ಅದಲುಬದಲು ಮಾಡಿದ ಮೇಲೆ ದನಿ ತುಂಬಿತು. ಆದರೂ ಹಿಂದಿನಿಂದ ಗುಂಯ್ ಅನ್ನುವ ಸದ್ದು ಹೋಗಲಿಲ್ಲ. ಹುಡುಕಿದರೆ, ತಂತಿಗಳು ಕೂರುವ ತಗಡಿನ ಅಡಿಯ ಅರ್ತ್ ವೈರು ಯಾವ ಕಾಲದಲ್ಲೋ ಕಡಿದುಹೋಗಿತ್ತು. ಬೆಸುಗೆ ಹಾಕಿದ. ಗುಂಯ್ ಸತ್ತಿತು.

"ಕ್ಲಬ್ಬಲ್ಲಿ ಕರೆಂಟಿಗೆ ಏನಾಯ್ತು?" ಅಂದ ಶಾಕಿರ್, ವೈರು ಅಳೆಯುತ್ತ.

"ನ್ಯೂಟ್ರಲ್ ಹೋಗಿತ್ತು. ಭಾನುವಾರ ಲೈನ್‌ಮನ್ನು ಯಾರಪ್ಪನ ಮನೇಲಿ ಸಿಗ್ತಾನೆ? ಅರ್ತಿಂದ ಎಳ್ದು ಕೊಟ್ಟೆ. ಲೈಟು ಚೂರು ಮಂಕು, ಆದ್ರೆ ಉರೀತದೆ."

ಶಾಕಿರನ ಕೈ ನಿಂತಿತು. "ಅರ್ತ್ ಗುಂಡಿಗೆ ನೀರು ಹೊಯ್ದಿದ್ರಾ?"

"ಕುಡಿಯೋಕೇ ಟ್ಯಾಂಕರ್ ತರಿಸ್ತಿದ್ದಾರೆ. ಗುಂಡಿಗೆ ಹೊಯ್ಲಾ?"

"ಮೈಕು?"

"ಮೈಕ್‌ಸೆಟ್ ಸುಬ್ಬಣ್ಣ ಜನರೇಟರ್ ತಂದಿದ್ದಾನಲ್ಲ. ಚರಂಡಿ ಕೆಸರಲ್ಲಿ ಅವನದೇ ಬೇರೆ ಅರ್ತ್ ಕಂಬಿ ಹೊಡ್ದಿದ್ದಾನೆ. ಗಿಟಾರಿನ ಆಂಪ್ಲಿಫೈಯರ್ ಒಂದೇ ನಮ್ ಪ್ಲಗ್ಗಿಗೆ. ಯಾಕೋ, ಮುಖ ಬೂದಿ ಆಯ್ತಲ್ಲ?"

ನ್ಯೂಟ್ರಲ್ ವೈರಿನಲ್ಲಿ ವಾಪಸು ಹೋಗಬೇಕಾದ ಕರೆಂಟು ಈಗ ಅರ್ತ್ ಗುಂಡಿಗೆ ಇಳಿಯಬೇಕು. ಲೈಟು ಮಂಕು ಅಂದರೆ ಗುಂಡಿ ಒಣಗಿದೆ. ಒಣಗಿದ ಗುಂಡಿ ಕರೆಂಟು ನುಂಗುವುದಿಲ್ಲ. ಅದು ವಾಪಸು ಹತ್ತಿ, ಅರ್ತ್ ಪಿನ್ನಿಗೆ ಸೇರಿದ ಕಬ್ಬಿಣಕ್ಕೆಲ್ಲ ಬರುತ್ತದೆ. ಆಂಪ್ಲಿಫೈಯರಿನ ಮೈಗೆ. ಅಲ್ಲಿಂದ ಶಾಕಿರನೇ ಬೆಸೆದ ವೈರು ಹಿಡಿದು ಗಿಟಾರಿನ ಆರೂ ತಂತಿಗೆ. ಮೈಕಿನದು ಕರೆಂಟು ಸಲೀಸಾಗಿ ಇಳಿಯುವ ಕೆಸರಿನ ಅರ್ತ್. ಹುಡುಗಿಯ ಬೆರಳು ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ನಡುವೆ ಇರುವುದು ಎದೆ.

ಹೋದ ವರ್ಷ ಪಂಪಿಗೆ ಅಂಟಿಕೊಂಡ ಆಳೊಬ್ಬನನ್ನು ಬಿದಿರು ಗಳದಿಂದ ಬಿಡಿಸಿದವರಲ್ಲಿ ಶಾಕಿರನೂ ಇದ್ದ. ಬಿಡಿಸಿದ್ದು ಹೆಣವನ್ನು.

ಕ್ಲಬ್ಬಿಗೆ ಫೋನ್ ಮಾಡಿದ. ರಿಂಗಾಯಿತು, ರಿಂಗಾಯಿತು, ಎತ್ತುವವರಿಲ್ಲ. "ಮೇನ್ ಬೋರ್ಡಿನ ಕೀಲಿ ಎಲ್ಲಿ?"

"ಕೆಲ್ಸ ಮುಗ್ದ ಮೇಲೆ ಸೆಕ್ರೆಟರಿಗೆ ವಾಪಸ್ ಕೊಟ್ಟೆ. ಏನಾಯ್ತೋ?"

ಶಾಕಿರನ ಮೊಪೆಡ್ಡು ಕ್ಲಬ್ಬಿನ ಏರು ಅರ್ಧ ಹತ್ತಿ ಉಬ್ಬಸ ಹಿಡಿದು ನಿಂತಿತು. ಅದನ್ನು ರಸ್ತೆಗೇ ಬಿಸಾಕಿ ಓಡಿದ. ಅವಳು ಸತ್ತರೆ ಯಾರ ಹೆಸರು ಹೇಳುತ್ತಾರೆ? ಅರ್ತ್ ಎಳೆದ ಚಿಕ್ಕಯ್ಯನದಲ್ಲ. ಗುಂಡಿ ಒಣಗಿಸಿ ಕೂತ ಕ್ಲಬ್ಬಿನದಂತೂ ಅಲ್ಲವೇ ಅಲ್ಲ. ಗಿಟಾರಿಗೆ ಕೈ ಹಾಕಿದ್ದು ಸಾಬರ ಹುಡುಗ, ಏಳನೇ ಕ್ಲಾಸೂ ಪಾಸಾಗದವನು. ಊರಿಗೆ ಅಷ್ಟು ಸಾಕು.

ಗೇಟಿನಲ್ಲೇ ಗಿಟಾರು ಕೇಳಿಸಿತು. ಶುರುವಾಗಿಬಿಟ್ಟಿದೆ.

ಹಾಲ್ ತುಂಬ ಜನ. ಸೆಕ್ರೆಟರಿ ಯಾವ ಕುರ್ಚಿಯಲ್ಲಿದ್ದಾರೋ ದೇವರಿಗೇ ಗೊತ್ತು. ಹಲಗೆ ಹಾಸಿದ ಸ್ಟೇಜಿನ ಮೇಲೆ ನಿಶ್ಮಿತಾ ಕಣ್ಣು ಮುಚ್ಚಿ ನುಡಿಸುತ್ತಿದ್ದಳು. ಒಣ ಹಲಗೆ ಇಲ್ಲಿಯವರೆಗೆ ಕಾಪಾಡಿತ್ತು. ಒಂದಡಿ ಮುಂದೆ ಮೈಕು.

"ಹಾಡ್ಬೇಡಿ!" ಅಂತ ಕೂಗಿದ. ಅವನು ರಿಪೇರಿ ಮಾಡಿದ ಗಿಟಾರೇ ಅವನ ದನಿಯನ್ನು ನುಂಗಿತು. ಅವಳು ಹಾಡಲು ಮೈಕಿನತ್ತ ಕತ್ತು ಚಾಚಿದಳು.

ಶಾಕಿರ್ ಕೈಗೆ ಸಿಕ್ಕ ಪ್ಲಾಸ್ಟಿಕ್ ಕುರ್ಚಿ ಎತ್ತಿ ಬೀಸಿದ. ಮೈಕು ಸ್ಟ್ಯಾಂಡಿನ ಸಮೇತ ಧಡ್ ಅಂತ ಉರುಳಿತು. ಹೆಂಗಸರು ಕಿರುಚಿದರು. ಅವನು ಸ್ಟೇಜು ಹತ್ತುವಷ್ಟರಲ್ಲಿ ಹಿಂದಿನಿಂದ ಕಾಲರಿಗೆ ಕೈ ಬಿತ್ತು, ಕೆನ್ನೆಗೆ ಏಟು ಬಿತ್ತು. ಚನ್ನಕೇಶವ ಗೌಡರು.

"ಕುಡಿದು ಬಂದಿದ್ದೀಯೇನೋ, ಕಳ್ಳನನ್ಮಗನೆ?"

ಶಾಕಿರ್ ಹಿಡಿತ ಬಿಡಿಸಿಕೊಳ್ಳಲು ಕೊಸರಾಡಿದ. ಅಷ್ಟರಲ್ಲಿ ನಿಶ್ಮಿತಾ ಸಿಟ್ಟಿನಿಂದ ಬಗ್ಗಿ ಮೈಕಿಗೆ ಕೈ ನೀಡಿದಳು. ಎಡಗೈ ಇನ್ನೂ ತಂತಿಗಳ ಮೇಲೆ.

"ಮೇಡಂ, ಸಾಯ್ತೀರಿ!"

ಅದು ಅವನ ದನಿಯ ಹಾಗೇ ಇರಲಿಲ್ಲ, ಬಲೆಗೆ ಬಿದ್ದ ಪ್ರಾಣಿಯದಾಗಿತ್ತು. ಅವಳ ಕೈ ಮೈಕಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಶಾಕಿರ್ ಗೌಡರ ಹಿಡಿತದಲ್ಲೇ ಜೋತು ಮುಂದೆ ಬಾಗಿ, ಜೇಬಿನ ಟೆಸ್ಟರ್ ತೆಗೆದು ತಂತಿಗೆ ಮುಟ್ಟಿಸಿದ. ಅದರೊಳಗೆ ಕೆಂಪು ಹತ್ತಿತು. ಒಂದೊಂದೇ ತಂತಿಗೆ ಮುಟ್ಟಿಸಿದ. ಆರಕ್ಕೂ ಹತ್ತಿತು.

ಕಾಲರಿನ ಕೈ ತಾನಾಗಿ ಸಡಿಲವಾಯಿತು. ಪಂಪಿನ ಜೊತೆ ಬದುಕಿದ ಪ್ಲಾಂಟರಿಗೆ ಆ ಕೆಂಪು ಏನೆಂದು ಬಿಡಿಸಿ ಹೇಳಬೇಕಿರಲಿಲ್ಲ. "ಮೇನ್ ತೆಗೀರೋ!" ಅಂತ ಗೌಡರು ಅರಚಿದರು. ಸೆಕ್ರೆಟರಿ ಕೀಲಿ ಹಿಡಿದು ಜಗಲಿಗೆ ಓಡಿದರು. ಲೈಟು ಆರಿತು, ಆಂಪ್ಲಿಫೈಯರು ಟಪ್ ಅಂದು ಸುಮ್ಮನಾಯಿತು.

ನಿಶ್ಮಿತಾ ಹೆಗಲ ಪಟ್ಟಿ ಹಿಡಿದು ಗಿಟಾರನ್ನು ಹಾವಿನ ಹಾಗೆ ಕೆಳಗಿಟ್ಟಳು. ಬೆರಳುಗಳನ್ನು ಅಂಗಿಗೆ ಉಜ್ಜಿದಳು, ಉಜ್ಜುತ್ತಲೇ ಇದ್ದಳು.

"ಇದರ ವೈರಿಂಗ್ ಮಾಡಿದ್ದು ನೀನೇ ಅಲ್ವಾ?" ಅಂದಳು.

ಹಾಲ್ ಪೂರ್ತಿ ಅವನನ್ನೇ ನೋಡುತ್ತಿತ್ತು.

"ಹೌದು," ಅಂದ ಶಾಕಿರ್. "ಸರಿಯಾಗೇ ಮಾಡಿದ್ದೆ. ಅದಕ್ಕೇ ಕರೆಂಟು ಇಲ್ಲೀತನಕ ಬಂತು."

ಸ್ಟೇಜಿನ ಮೆಟ್ಟಿಲಿಗೆ ಕುಸಿದು, ಎಲ್ಲರ ಎದುರೇ ಮಧ್ಯಾಹ್ನ ಉಂಡದ್ದನ್ನೆಲ್ಲ ಕಾರಿಕೊಂಡ.