ಸಂಘಮಿತ್ರಾ ಮಂಡಿಯೂರಲಿಲ್ಲ

ನಾಗಮಂಗಲದ ಹೈಸ್ಕೂಲಿನಲ್ಲಿ ಪಾಠ ಹೇಳುವ ಸಂಘಮಿತ್ರಾ ಜಪಾನಿನ ನಾಟಕವೊಂದನ್ನು ಕನ್ನಡಕ್ಕೆ ತಂದು, ಅದರ ಹೆಂಡತಿಯ ಪಾತ್ರವನ್ನು ತಾನೇ ವಹಿಸಿದ್ದಳು. ಬರೆದವನು ಮೊರಿಶಿಮಾ. ನೂರು ವರ್ಷದ ಹಿಂದೆ ಅಲ್ಲಿ ಗಂಡಸರೇ ಹೆಣ್ಣುವೇಷ ಕಟ್ಟಿ, ಮುಖಕ್ಕೆ ಬಿಳಿ ಬಳಿದು ಕುಣಿಯುತ್ತಿದ್ದರು. ಯುರೋಪಿನ ನಾಟಕಗಳನ್ನು ಓದಿ ಹುಚ್ಚು ಹಿಡಿಸಿಕೊಂಡಿದ್ದ ಅವನು ಹೆಂಗಸರನ್ನೇ ರಂಗಕ್ಕೆ ಹತ್ತಿಸಿ, ಮನೆಯೊಳಗಿನ ಮಾತನ್ನೇ ಆಡಿಸಿದ. ಜನ ಚಪ್ಪಲಿ ತೂರಿದರು.

ಅವನ ನಾಟಕದಲ್ಲಿ ಗಂಡ ನೆಂಟರೆದುರು ಹೆಂಡತಿಗೆ ಹೊಡೆದು, ಮಂಡಿಯೂರಿ ಕ್ಷಮೆ ಕೇಳು ಅನ್ನುತ್ತಾನೆ. ಅವಳು ಕೇಳುವುದಿಲ್ಲ.

ಪಾಂಡವಪುರದಲ್ಲಿ ಪ್ರದರ್ಶನ. ಸಂಘಮಿತ್ರಾ ಬಣ್ಣ ಹಚ್ಚಿಕೊಳ್ಳುವಾಗ, ನಾಟಕ ಆಡಿಸುತ್ತಿದ್ದ ಸಂಘದ ಅಧ್ಯಕ್ಷ ದೊರೆಸ್ವಾಮಿ ಒಳಗೆ ಬಂದರು.

"ನೋಡಮ್ಮ, ಕೊನೇಲಿ ನೀನು ಮಂಡಿಯೂರಿಬಿಡು. ಹಿಂದೊಂದು ಭಾವಗೀತೆ ಹಾಕಿಸ್ತೀನಿ. ಊರಿನ ದೊಡ್ಡೋರೆಲ್ಲ ಸಂಸಾರ ಸಮೇತ ಬಂದಿದ್ದಾರೆ."

"ಸಾರ್, ಹಾಗೆ ಮಾಡಿದರೆ ನಾಟಕವೇ ಉಳಿಯೋಲ್ಲ."

"ನಿಮ್ಮ ಜಪಾನಿನವನು ಇಲ್ಲಿ ಬಂದು ಕೇಳ್ತಾನಾ?"

ಗಂಡನ ಪಾತ್ರದ ಶಂಕರ್, ತೊಣ್ಣೂರಿನ ರೈತ, ದೊರೆಸ್ವಾಮಿ ಹೋದ ಮೇಲೆ ಮೆಲ್ಲಗೆ ಅಂದ: "ಮೇಡಮ್ಮೋರೆ, ಊರಬ್ಯಾಡಿ. ನೀವು ಅಂಗ್ ಮಾಡಿದ್ರೆ ಹೊಡ್ದೋನು ನಾನೇ ಸರಿ ಅಂದಂಗಾಯ್ತದೆ."

ಕೊನೆಯ ದೃಶ್ಯ ಬಂತು. ಶಂಕರ್ ನೆಲ ತೋರಿಸಿ ಗದರಿದ. ಭಾವಗೀತೆ ಶುರುವಾಯಿತು. ಸಂಘಮಿತ್ರಾ ಸೆಟೆದು ನಿಂತಳು.

"ತಪ್ಪು ಮಾಡಿದವನು ನೀನು. ನಾನು ಯಾಕೆ—"

ಪರದೆ ದಢಾರನೆ ಇಳಿಯಿತು. ಪಕ್ಕದಲ್ಲಿ ದೊರೆಸ್ವಾಮಿ ಹಗ್ಗ ಹಿಡಿದು ನಿಂತಿದ್ದರು.

ಅವಳು ಪರದೆ ಸರಿಸಿ ಮುಂದೆ ಬಂದಳು. ಮೈಕು ಸತ್ತಿತ್ತು. ಗಂಟಲು ಹರಿಯುವಂತೆ ಕೂಗಿದಳು: "ನಾನು ಯಾಕೆ ಬಗ್ಗಲಿ?"

ಯಾರೋ ಸಿಳ್ಳೆ ಹಾಕಿದರು, ಯಾರೋ ಬೈದರು. ಮುಂದಿನ ಸಾಲಿನ ಕೆಲವರು ಎದ್ದು ಹೋದರು. ಹಿಂದುಗಡೆಯಿಂದ ಒಬ್ಬ ಹೆಂಗಸು, "ಚೆನ್ನಾಗ್ ಯೋಳ್ದೆ ಕಣವ್ವ!" ಅಂದಳು.

"ನಮ್ಮ ಸಂಘದ ಮರ್ಯಾದೆ ಕಳೆದೆ," ಎಂದು ದೊರೆಸ್ವಾಮಿ ಒಳಗೆ ಕಿರುಚಾಡಿದರು.

"ನಿಮ್ಮ ಮರ್ಯಾದೆ ನನ್ನ ಮಂಡೀಲಿತ್ತಾ, ಸಾರ್?"

ಕೆ.ಆರ್. ಪೇಟೆಯಲ್ಲಿ ಆಗಬೇಕಿದ್ದ ಮುಂದಿನ ಪ್ರದರ್ಶನವನ್ನು ಸಂಘ ರದ್ದು ಮಾಡಿತು. ಸದಸ್ಯರ ಪಟ್ಟಿಯಿಂದ ಅವಳ ಹೆಸರನ್ನೂ ತೆಗೆಯಿತು. ಆ ಸಿಟ್ಟಿನಲ್ಲೇ ಅವಳೂ ಶಂಕರನೂ ಪೇಟೆ ಹತ್ತಿರದ ಮಾಕವಳ್ಳಿಗೆ ಹೋಗಿ, ಶಾಲೆಯ ಜಗಲಿಯ ಮೇಲೆ ಪರದೆಯೂ ಹಾಡೂ ಇಲ್ಲದೆ ನಾಟಕವಾಡಿದರು. ಅಲ್ಲಿನ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದವರೂ ಅವರ ಹೆಂಡಂದಿರೂ ನಿಂತೇ ನೋಡಿದರು. ಕೊನೆಯ ಮಾತಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಗಸರು ಮಾತ್ರ ತಮ್ಮ ಗಂಡಂದಿರ ಮುಖ ನೋಡಿದರು.